ಎಸೆದ ಸಾಮಾನಿನಿಂದ ಮಾಡಿದ ಒಡವೆಗೆ ಅಷ್ಟು ಬೆಲೆ ಯಾಕೆ? ನಾನೂ ಮಾಡಬಹುದಾ?

ನೀವು ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದ್ದೀರಿ. ಪ್ರದರ್ಶನವೊಂದರಲ್ಲಿ ಮಾತ್ರೆಯ ಖಾಲಿ ಸ್ಟ್ರಿಪ್‌ಗಳಿಂದ ಮಾಡಿದ ಕೊರಳಪಟ್ಟಿ ನೋಡಿದಿರಿ, ಅದರ ಬೆಲೆ ಚಿನ್ನದ ಸರದ ಹತ್ತಿರ ಇತ್ತು, ಇದು ಮೋಸ ಅಲ್ವಾ ಅನ್ನುವುದು ಮೊದಲನೆಯದು. ಇದರಿಂದ ಪರಿಸರಕ್ಕೆ ಏನಾದರೂ ಉಪಯೋಗ ಇದೆಯಾ ಅನ್ನುವುದು ಇನ್ನೊಂದು. ಮನೆಯಲ್ಲಿ ಹಳೆ ಕೀಬೋರ್ಡ್, ಸೈಕಲ್ ಟ್ಯೂಬ್, ಖಾಲಿ ಕ್ಯಾನ್‌ಗಳಿವೆ, ಯಾವುದರಿಂದ ಶುರು ಮಾಡಲಿ ಅನ್ನುವುದು ಮೂರನೆಯದು. ನಾನು ಕೆಲವು ವರ್ಷಗಳಿಂದ ಇಂಥ ಒಡವೆ ಮಾಡುತ್ತಿದ್ದೇನೆ, ಆಗಾಗ ಮಾರುತ್ತೇನೆ ಕೂಡ. ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದರೆ ಅದಕ್ಕೆ ಇದೇ ಕಾರಣ.

ಮೋಸ ಅಲ್ಲ. ಆದರೆ ಇಂಥದ್ದೆಲ್ಲ ಒಳ್ಳೆಯದು ಅಂತಲೂ ಅಲ್ಲ. ಯಾವುದಾದರೂ ಕೈಗೆ ಸಿಕ್ಕರೆ ನಾನು ಮೊದಲು ತಿರುಗಿಸಿ ಹಿಂಭಾಗ ನೋಡುತ್ತೇನೆ. ಮುಂಭಾಗದಲ್ಲಿ ಐಡಿಯಾ ಇರುತ್ತದೆ, ಹಿಂಭಾಗದಲ್ಲಿ ಕೆಲಸ ಇರುತ್ತದೆ. ಅಂಚುಗಳನ್ನು ಮಡಚಿದ್ದಾರಾ, ಅರ ಹಾಕಿ ಉಜ್ಜಿದ್ದಾರಾ? ಬ್ರೋಚ್ ಅಂದರೆ ಬಟ್ಟೆಗೆ ಚುಚ್ಚಿಕೊಳ್ಳುವ ಒಡವೆ, ಅದರ ಪಿನ್ನನ್ನು ಸರಿಯಾಗಿ ಕೂರಿಸಿದ್ದಾರಾ, ಇಲ್ಲ ಗ್ಲೂ ಗನ್ನಿಂದ ಒಂದು ಗುಡ್ಡೆ ಅಂಟು ಸುರಿದು ಅದರಲ್ಲಿ ಹೂತಿದ್ದಾರಾ? ಬಾಟಲಿ ಮುಚ್ಚಳಕ್ಕೆ ಅಂಟು ಹಾಕಿ ಪಿನ್ ಹಚ್ಚಿದರೆ ಅದು ಶಾಲೆಯ ‘ಕಸದಿಂದ ರಸ’ ಸ್ಪರ್ಧೆಗೆ ಸರಿ. ಅಲ್ಲಿ ಬಹುಮಾನವೂ ಬರಬಹುದು. ಒಡವೆ ಅನ್ನಬೇಕಾದರೆ ಅದನ್ನು ಹಾಕಿಕೊಂಡವರು ಇಡೀ ದಿನ ಓಡಾಡಬೇಕು. ಚುಚ್ಚಬಾರದು, ಬಟ್ಟೆಗೆ ಸಿಕ್ಕಿಕೊಳ್ಳಬಾರದು, ಕಳಚಿ ಬೀಳಬಾರದು.

ಬೆಲೆಯ ವಿಷಯಕ್ಕೆ ಬರೋಣ. ನಿಮಗೆ ಕೋಪ ಬಂದಿರುವುದು ಅಲ್ಲೇ ಅಂತ ಕಾಣುತ್ತದೆ.

ಒಡವೆಯ ಬೆಲೆ ಅಂದರೆ ಲೋಹದ ತೂಕ ಅಂತ ನಾವು ಲೆಕ್ಕ ಹಾಕುತ್ತೇವೆ. ಆ ಲೆಕ್ಕ ಅಷ್ಟೇನೂ ಗಟ್ಟಿ ಅಲ್ಲ. ನೀವು ಎಸೆಯುವ ಅಲ್ಯುಮಿನಿಯಂ ಕ್ಯಾನನ್ನೇ ತೆಗೆದುಕೊಳ್ಳಿ. 1850ರ ದಶಕದಲ್ಲಿ ಅಲ್ಯುಮಿನಿಯಂ ಬೆಳ್ಳಿಗಿಂತ ದುಬಾರಿ ಲೋಹ. ಅದಿರಿನಿಂದ ಅದನ್ನು ಬೇರ್ಪಡಿಸುವುದು ಅಷ್ಟು ಕಷ್ಟವಾಗಿತ್ತು. 1855ರ ಪ್ಯಾರಿಸ್ ಮಹಾ ಪ್ರದರ್ಶನದಲ್ಲಿ ಅದರ ಗಟ್ಟಿಗಳನ್ನು ಅಪರೂಪದ ವಸ್ತು ಅಂತ ಜನರ ಮುಂದೆ ಇಟ್ಟಿದ್ದರು. ಆ ಕಾಲದಲ್ಲಿ ಚಿನ್ನದ ಜೊತೆ ಅಲ್ಯುಮಿನಿಯಂ ಸೇರಿಸಿ ಮಾಡಿದ ಬಳೆ, ಬ್ರೋಚ್‌ಗಳು ಇಂದಿಗೂ ಮ್ಯೂಸಿಯಂಗಳಲ್ಲಿವೆ. 1886ರಲ್ಲಿ ವಿದ್ಯುತ್ ಬಳಸಿ ಅದನ್ನು ತೆಗೆಯುವ ದಾರಿಯನ್ನು ಹಾಲ್ ಮತ್ತು ಎರೂ ಎಂಬ ಇಬ್ಬರು ಬೇರೆ ಬೇರೆಯಾಗಿ ಕಂಡುಹಿಡಿದರು. ಬೆಲೆ ಕುಸಿಯಿತು. ಲೋಹ ಅದೇ, ಹೊಳಪೂ ಅದೇ. ಆಮೇಲೆ ಅದು ಪಾತ್ರೆ ಆಯಿತು, ಕ್ಯಾನ್ ಆಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಕಂದಕಗಳಲ್ಲಿ ಕೂತ ಸೈನಿಕರು ಬಿದ್ದ ಫಿರಂಗಿ ಗುಂಡುಗಳನ್ನು ಸಿಡಿಸುವ ಭಾಗವಾದ ಫ್ಯೂಸ್‌ನಿಂದ ಅಲ್ಯುಮಿನಿಯಂ ಕಿತ್ತು ಉಂಗುರ ಮಾಡುತ್ತಿದ್ದರು. ಅದಕ್ಕೆ ತೂಕದ ಬೆಲೆ ಏನೂ ಇಲ್ಲ. ಆದರೆ ಅದನ್ನು ಪಡೆದ ಮನೆಯವರು ಕರಗಿಸಲು ಕೊಟ್ಟಿರುತ್ತಾರಾ?

ಒಡವೆಯನ್ನು ಕಲೆಯಾಗಿ ನೋಡುವ ‘ಸಮಕಾಲೀನ ಆಭರಣ’ ಮಾಡುವವರು ಕೆದಕಿದ್ದು ಇದನ್ನೇ. 1960ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಖೈಸ್ ಬಾಕರ್ ಮತ್ತು ಎಮ್ಮಿ ಫಾನ್ ಲೇರ್ಸಮ್ ದಂಪತಿ ಚಿನ್ನ, ರತ್ನ ಬಿಟ್ಟು ಅಲ್ಯುಮಿನಿಯಂ, ಪ್ಲಾಸ್ಟಿಕ್ ಹಿಡಿದರು. ಒಲೆಯ ಹೊಗೆ ಕೊಳವೆಯ ಆಕಾರದಲ್ಲಿ ಬಾಕರ್ ಮಾಡಿದ ಕೊರಳಪಟ್ಟಿ 1967ರದು. ಸ್ವಿಟ್ಜರ್‌ಲ್ಯಾಂಡಿನ ಒಟ್ಟೊ ಕ್ಯೂನ್ಸ್ಲಿ 1980ರಲ್ಲಿ ಕಪ್ಪು ರಬ್ಬರ್‌ನ ಒಂದು ಬಳೆ ಮಾಡಿದರು. ಹೆಸರು ‘ಚಿನ್ನ ಕುರುಡು ಮಾಡುತ್ತದೆ’. ರಬ್ಬರ್ ಒಳಗೆ ಒಂದು ಕಡೆ ಸಣ್ಣ ಉಬ್ಬು ಇದೆ. ಅದು ಚಿನ್ನದ ಗುಂಡು ಅಂತ ಅವರು ಹೇಳುತ್ತಾರೆ, ನೀವು ನಂಬಬೇಕು. ಕಣ್ಣಾರೆ ನೋಡಬೇಕಾದರೆ ಬಳೆ ಕತ್ತರಿಸಬೇಕು. ಕತ್ತರಿಸಿದರೆ ಕೈಯಲ್ಲಿ ಉಳಿಯುವುದು ಚಿನ್ನ ಮಾತ್ರ, ಬಳೆ ಹೋಯಿತು!

ಅವರದೇ ಇನ್ನೊಂದು ಕೆಲಸ ನನಗೆ ಇದಕ್ಕಿಂತ ಜಾಸ್ತಿ ಕಾಡುತ್ತದೆ. 1985–86ರಲ್ಲಿ ಅವರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಜನ ಬಳಸಿದ್ದ ಮದುವೆ ಉಂಗುರಗಳನ್ನು ಕೊಂಡರು. 48 ಉಂಗುರಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡಿದರು. ಪೂರ್ತಿ ಚಿನ್ನ, ಕೊಂಡಿಗಳ ಕೆಲಸವೂ ಅಚ್ಚುಕಟ್ಟು. ಆದರೂ ಕೊರಳಿಗೆ ಹಾಕಿಕೊಳ್ಳಿ ಅಂದರೆ ಬಹಳ ಜನ ಹಿಂಜರಿಯುತ್ತಾರೆ. ಒಂದೊಂದು ಉಂಗುರದ ಹಿಂದೆಯೂ ಮುರಿದುಹೋದ ಅಥವಾ ಸಾವಿನಲ್ಲಿ ಮುಗಿದ ಒಂದು ಸಂಸಾರ ಇದೆ ಅಲ್ವಾ? ಬೆಲೆಯಿಲ್ಲದ ವಸ್ತುವಿನಿಂದ ಬೆಲೆಯ ಒಡವೆ ಮಾಡಬಹುದು ಅಂತ ಎಲ್ಲರೂ ಹೇಳುತ್ತಾರೆ. ಬೆಲೆಯ ಲೋಹದಿಂದ ಯಾರೂ ಹಾಕಿಕೊಳ್ಳದ ಒಡವೆಯನ್ನೂ ಮಾಡಬಹುದು ಅಂತ ಇವರು ತೋರಿಸಿದರು.

ಹೀಗಾಗಿ ನೀವು ನೋಡಿದ ಕೊರಳಪಟ್ಟಿ ಆಕಾಶದಿಂದ ಬಿದ್ದದ್ದಲ್ಲ. ಸ್ವಿಟ್ಜರ್‌ಲ್ಯಾಂಡಿನವರೇ ಆದ ವೆರೇನಾ ಸೀಬರ್-ಫುಕ್ಸ್ ಮಾತ್ರೆಯ ಸ್ಟ್ರಿಪ್, ಹಣ್ಣು ಸುತ್ತುವ ತೆಳು ಕಾಗದ ಇಂಥವನ್ನು ಸಣ್ಣ ತಂತಿಯಲ್ಲಿ ಕ್ರೋಶಾ ಹೆಣೆದು ದೊಡ್ಡ ದೊಡ್ಡ ಕೊರಳಪಟ್ಟಿ ಮಾಡಿದ್ದಾರೆ. ದೂರದಿಂದ ನೋಡಿದರೆ ಹಕ್ಕಿಯ ಗರಿ. ಹತ್ತಿರ ಹೋದರೆ ಯಾರೋ ನುಂಗಿದ ಮಾತ್ರೆಗಳ ಗುಳಿಗಳು. ಅಂಥ ಒಂದು ಪಟ್ಟಿಗೆ ನೂರಾರು ತುಂಡು ಕತ್ತರಿಸಬೇಕು, ಪ್ರತಿಯೊಂದನ್ನೂ ತಂತಿಗೆ ಹೆಣೆಯಬೇಕು, ಕುತ್ತಿಗೆಗೆ ತಗಲುವ ಕಡೆ ಒಂದು ಮೂಲೆಯೂ ಚುಚ್ಚಬಾರದು. ಬೆಲೆಯಲ್ಲಿ ವಾರಗಟ್ಟಲೆ ಕೂಲಿ ಇದೆ. ಅದರ ಮೇಲೆ ಗ್ಯಾಲರಿಯ ಪಾಲು. ಮಾರಾಟದ ಬೆಲೆಯಲ್ಲಿ ಅರ್ಧದಷ್ಟು ಗ್ಯಾಲರಿ ಇಟ್ಟುಕೊಳ್ಳುವುದು ಈ ಲೋಕದಲ್ಲಿ ಮಾಮೂಲು. ಹಾಗೆ ನೋಡಿದರೆ ಮಾಡಿದವರ ಕೈಗೆ ಉಳಿಯುವುದು ನೀವು ಅಂದುಕೊಂಡಷ್ಟಿಲ್ಲ.

ಒಂದು ಮಾತು ಮಾತ್ರ ನೇರವಾಗಿ ಹೇಳುತ್ತೇನೆ. ಇದನ್ನು ಹೂಡಿಕೆ ಅಂತ ಕೊಳ್ಳಬೇಡಿ. ಕಷ್ಟಕಾಲಕ್ಕೆ ಅಡ ಇಡಲು ಬರುವುದಿಲ್ಲ, ಕರಗಿಸಿದರೆ ಹೊಗೆ ಬರುತ್ತದೆ ಅಷ್ಟೆ. ದಿನಾ ಹಾಕಿಕೊಳ್ಳಬೇಕು ಅನ್ನಿಸಿದರೆ ಕೊಳ್ಳಿ, ಇಲ್ಲದಿದ್ದರೆ ನೋಡಿ ಖುಷಿಪಟ್ಟು ಬನ್ನಿ.

ಈ ಆಟವನ್ನು ಉಲ್ಟಾ ಆಡುವವರೂ ಇದ್ದಾರೆ. ಡೇವಿಡ್ ಬೀಲಾಂಡರ್ ಎಂಬವರ ಬಳೆಗಳನ್ನು ನೋಡಿದರೆ ರಟ್ಟಿನ ಪೆಟ್ಟಿಗೆ ಹರಿದು ಸ್ಟೇಪ್ಲರ್ ಹೊಡೆದ ಹಾಗೆ ಕಾಣುತ್ತವೆ. ಅದು ಬಣ್ಣ ಬರಿಸಿದ ಬೆಳ್ಳಿ. ಸ್ಟೇಪಲ್ ಪಿನ್ನು ಬಿಳಿ ಚಿನ್ನ. ಟೆಡ್ ನೋಟೆನ್ ಎಂಬ ಇನ್ನೊಬ್ಬ ಒಡವೆ ಕಲಾವಿದರು 1998ರಲ್ಲಿ ಜನರಿಗೆ ಚೂಯಿಂಗ್ ಗಮ್ ಅಗಿಯಲು ಹೇಳಿ, ಅಗಿದ ಆ ಮುದ್ದೆಯನ್ನು ಲೋಹದಲ್ಲಿ ಎರಕ ಹೊಯ್ದು ಬ್ರೋಚ್ ಮಾಡಿಕೊಟ್ಟರು. ಅದೇ ಮನುಷ್ಯ ಮುಂದೆ ಒಂದು ಮರ್ಸಿಡಿಸ್ ಕಾರಿನ ಮೈಯನ್ನೇ ಕತ್ತರಿಸಿ ಬ್ರೋಚ್‌ಗಳನ್ನು ತೆಗೆದರು. ತಮಾಷೆ ಅನ್ನಿಸಿದರೆ ನಗಿ. ಅವರೂ ನಗಲಿ ಅಂತಲೇ ಮಾಡಿದ್ದು.

ಇನ್ನು ಪರಿಸರ. ಇಲ್ಲಿ ನನ್ನ ಅಭಿಪ್ರಾಯ ಬಹಳ ಜನರಿಗೆ ಹಿಡಿಸುವುದಿಲ್ಲ. ಒಡವೆ ಮಾಡಿ ಕಸ ಕಡಿಮೆ ಮಾಡುತ್ತೇವೆ ಅನ್ನುವುದು ಬರೀ ಮಾತು. ಒಂದು ಜೊತೆ ಓಲೆಗೆ ಬೇಕಾಗುವುದು ಕೆಲವೇ ಗ್ರಾಂ. ಎಷ್ಟು ಕಿವಿಗೆ ಎಷ್ಟು ಓಲೆ ಹಾಕಿದರೂ ತಿಪ್ಪೆ ಕರಗುವುದಿಲ್ಲ. ಕೆಲವು ಸಲ ಕೆಡುಕೇ ಜಾಸ್ತಿ. ಅಲ್ಯುಮಿನಿಯಂ ಕ್ಯಾನನ್ನು ಕರಗಿಸಿ ಮತ್ತೆ ಮತ್ತೆ ಕ್ಯಾನ್ ಮಾಡಬಹುದು. ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ ಅದಕ್ಕೆ ಸುಮಾರು ನೂರಕ್ಕೆ 5ರಷ್ಟು ಶಕ್ತಿ ಸಾಕು. ಅಂಥ ಕ್ಯಾನಿನ ಚೂರುಗಳನ್ನು ಎಪಾಕ್ಸಿ ರೆಸಿನ್‌ನಲ್ಲಿ ಮುಳುಗಿಸಿ ಪೆಂಡೆಂಟ್ ಮಾಡಿದರೆ? ಲೋಹವೂ ಹಿಂದಿರುಗಿ ಬರುವುದಿಲ್ಲ, ಜೊತೆಗೆ ಹೊಸದಾಗಿ ಒಂದು ಗಟ್ಟಿ ಪ್ಲಾಸ್ಟಿಕ್ ಹುಟ್ಟಿತು. ಅದಕ್ಕೆ ‘ಪರಿಸರಸ್ನೇಹಿ’ ಅಂತ ಚೀಟಿ ಅಂಟಿಸಿದ್ದನ್ನು ನೋಡಿದಾಗ ನನಗೆ ಮೈ ಉರಿಯುತ್ತದೆ.

ಪ್ರಾಮಾಣಿಕವಾಗಿ ಮಾಡುವ ಪ್ರಯತ್ನಗಳೂ ಇವೆ. ಅಮೆರಿಕದಲ್ಲಿ 2007ರಲ್ಲಿ ಶುರುವಾದ ‘ರ್‍ಯಾಡಿಕಲ್ ಜ್ಯುವೆಲ್ರಿ ಮೇಕೋವರ್’ ಎಂಬ ಯೋಜನೆಯಲ್ಲಿ ಜನ ಬೇಡವಾದ ಹಳೆ ಒಡವೆ ಕೊಡುತ್ತಾರೆ, ವಿದ್ಯಾರ್ಥಿಗಳು ಮತ್ತು ಕುಶಲಕರ್ಮಿಗಳು ಅದನ್ನು ಬಿಡಿಸಿ ಹೊಸದು ಮಾಡುತ್ತಾರೆ. ಹೊಸ ಲೋಹ ಅಗೆಯುವ ಬದಲು ಇರುವುದನ್ನೇ ತಿರುಗಿಸುವುದು. ಲೆಕ್ಕ ಇಲ್ಲಿ ಕೂಡಿಬರುತ್ತದೆ. ಅದನ್ನು ಶುರು ಮಾಡಿದವರಲ್ಲಿ ಒಬ್ಬರಾದ ಸೂಸಿ ಗ್ಯಾಂಚ್ ಕಾಫಿ ಲೋಟದ ಪ್ಲಾಸ್ಟಿಕ್ ಮುಚ್ಚಳಗಳನ್ನು ರಾಶಿ ಹಾಕಿ ದೊಡ್ಡ ದೊಡ್ಡ ಕೃತಿಗಳನ್ನೂ ಮಾಡಿದ್ದಾರೆ. ಅವುಗಳ ಮುಂದೆ ನಿಂತರೆ ಕಸ ಕಡಿಮೆಯಾಗುವುದಿಲ್ಲ, ಎಷ್ಟಿದೆ ಅಂತ ಗೊತ್ತಾಗುತ್ತದೆ. ಒಡವೆಯಿಂದ ಅಷ್ಟಾದರೆ ಸಾಕು ಅಂತ ನನ್ನ ಭಾವನೆ.

ಸರಿ, ನಿಮ್ಮ ಮೂರು ವಸ್ತುಗಳು. ಸೈಕಲ್ ಟ್ಯೂಬ್‌ನಿಂದ ಶುರು ಮಾಡಿ.

ಟ್ಯೂಬ್ ತಪ್ಪನ್ನು ಸಹಿಸುತ್ತದೆ. ಮಾಮೂಲಿ ಕತ್ತರಿಯಲ್ಲಿ ಕತ್ತರಿಸಬಹುದು, ಅಂಚು ಚುಚ್ಚುವುದಿಲ್ಲ, ಹಗುರ, ಹಾಳಾದರೆ ಇನ್ನೊಂದು ತುಂಡು ಇದ್ದೇ ಇರುತ್ತದೆ. ಉದ್ದಕ್ಕೆ ಸೀಳಿ, ಒಳಗಿನ ಬಿಳಿ ಪುಡಿ ಹೋಗುವವರೆಗೆ ಸೋಪು ಹಾಕಿ ತೊಳೆಯಿರಿ. ಒಣಗಿದ ಮೇಲೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಕಪ್ಪು ಬಿಡುತ್ತಿದ್ದರೆ ಇನ್ನೊಮ್ಮೆ ತೊಳೆಯಿರಿ. ಆಮೇಲೆ ಒಂದೇ ಆಕಾರದ ತುಂಡುಗಳನ್ನು ರಾಶಿ ಕತ್ತರಿಸಿ. ಎಲೆ, ಬಿಲ್ಲೆ, ಪಟ್ಟಿ, ಯಾವುದಾದರೂ ಸರಿ, ಆದರೆ ಒಂದೇ ಆಕಾರ. ಹೊಸಬರು ಹತ್ತು ಥರದ ವಸ್ತುಗಳನ್ನು ಒಂದೇ ಸರಕ್ಕೆ ಪೋಣಿಸುತ್ತಾರೆ, ಅಲ್ಲಿಗೆ ಅದು ಗುಜರಿ ಅಂಗಡಿ ಆಗುತ್ತದೆ. ಒಂದೇ ಸಾಮಾನ್ಯ ತುಂಡು ಮತ್ತೆ ಮತ್ತೆ ಬಂದಾಗ ಕಣ್ಣು ಅದರ ಮೂಲವನ್ನು ಮರೆತು ಲಯ ಹಿಡಿಯುತ್ತದೆ. ಒಂದು ಎಚ್ಚರಿಕೆ: ಟ್ಯೂಬ್ ಜೊತೆ ಬೆಳ್ಳಿಯ ಕೊಂಡಿ ಹಾಕಬೇಡಿ. ರಬ್ಬರನ್ನು ಗಟ್ಟಿ ಮಾಡಲು ಗಂಧಕ ಬಳಸಿರುತ್ತಾರೆ, ಅದು ತಾಗಿ ಬೆಳ್ಳಿ ಕಪ್ಪಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿ.

ಕ್ಯಾನ್ ಎರಡನೆಯದು. ಅದರ ಗೋಡೆಯ ದಪ್ಪ ಸುಮಾರು 0.1 ಮಿಲಿಮೀಟರ್ ಅಷ್ಟೆ, ಕತ್ತರಿಗೆ ಕಾಗದದ ಹಾಗೆ ಸಿಗುತ್ತದೆ. ತೊಂದರೆ ಇರುವುದೂ ಅಲ್ಲೇ. ಅಂಚು ಬ್ಲೇಡಿನಷ್ಟು ಹರಿತ. ಕೈಗವಸು ಹಾಕಿಕೊಂಡೇ ಕತ್ತರಿಸಿ. ಸುತ್ತಲೂ ಎರಡು ಮೂರು ಮಿಲಿಮೀಟರ್ ಬಿಟ್ಟು, ಆ ಅಂಚನ್ನು ಒಳಕ್ಕೆ ಮಡಚಿ ಒತ್ತಿ. ಸೀರೆ ಅಂಚು ಹೊಲಿಯುವವರಿಗೆ ಈ ಕೆಲಸ ಬೇಗ ಕೈಗೆ ಬರುತ್ತದೆ. ಒಂದೇ ಪದರ ಲೊಡಲೊಡ ಅನ್ನುತ್ತದೆ, ಹಾಗಾಗಿ ಎರಡು ಪದರ ಬೆನ್ನಿಗೆ ಬೆನ್ನು ಇಡಿ. ಬೆಸುಗೆಯ ಯೋಚನೆ ಬಿಟ್ಟುಬಿಡಿ. ಅಲ್ಯುಮಿನಿಯಂ ಮೇಲೆ ಸದಾ ಒಂದು ಆಕ್ಸೈಡ್ ಪೊರೆ ಇರುತ್ತದೆ, ಮಾಮೂಲಿ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ. ಬಿಸಿ ಮಾಡಿದರೆ ಹೊರಗಿನ ಬಣ್ಣ, ಒಳಗಿನ ಲೇಪ ಎರಡೂ ಸುಟ್ಟು ಹೊಗೆ ಬರುತ್ತದೆ. ರಿವೆಟ್ ಹಾಕಿ (ತೂತಿಗೆ ಸಣ್ಣ ಮೊಳೆ ತೂರಿಸಿ ತುದಿ ಬಡಿದು ಕೂರಿಸುವುದು), ಇಲ್ಲವೇ ತೂತು ಕೊರೆದು ತಂತಿಯ ಸಣ್ಣ ಉಂಗುರಗಳಿಂದ ಜೋಡಿಸಿ, ಇಲ್ಲವೇ ತಂತಿಯಲ್ಲಿ ಹೊಲಿಯಿರಿ. ಈ ಥರದ ಒಡವೆಯಲ್ಲಿ ಅರ್ಧ ವಿದ್ಯೆ ಬೆಂಕಿಯಿಲ್ಲದೆ ಜೋಡಿಸುವುದರಲ್ಲೇ ಇದೆ. ರಿವೆಟ್‌ಗೆ ತೂತು ಬಿಗಿಯಾಗಿರಬೇಕು. ತೂತು ಸಡಿಲವಾದರೆ ಎಷ್ಟು ಬಡಿದರೂ ಅಲ್ಲಾಡುತ್ತದೆ.

ಕೀಬೋರ್ಡ್ ಕೊನೆಗೆ ಇರಲಿ. ಕೀಲಿಗಳನ್ನು ಕಿತ್ತು ಹೆಸರಿನ ಅಕ್ಷರ ಪೋಣಿಸುವುದನ್ನು ಎಲ್ಲರೂ ಮಾಡಿದ್ದಾರೆ, ದಯವಿಟ್ಟು ಬೇಡ. ಒಳಗೆ ತೆಳು ಪ್ಲಾಸ್ಟಿಕ್ ಹಾಳೆಗಳಿರುತ್ತವೆ, ಅದರ ಮೇಲೆ ಬೆಳ್ಳಿ ಬಣ್ಣದ ಗೆರೆಗಳ ನಕ್ಷೆ. ನನಗೆ ಕೀಲಿಗಿಂತ ಆ ಹಾಳೆ ಇಷ್ಟ. ಹಸಿರು ಸರ್ಕ್ಯೂಟ್ ಬೋರ್ಡನ್ನು ಮಾತ್ರ ಕೊಯ್ಯಬೇಡಿ, ಉಜ್ಜಬೇಡಿ, ಬಿಸಿ ಮಾಡಬೇಡಿ. ಹಳೆಯದರ ಬೆಸುಗೆಯಲ್ಲಿ ಸೀಸ ಇರುತ್ತದೆ, ಬೋರ್ಡಿನಲ್ಲಿ ಗಾಜಿನ ನಾರು ಇರುತ್ತದೆ. ಆ ಧೂಳು ಎದೆಗೆ ಹೋಗಬಾರದು.

ನೀವು ಕೇಳದಿದ್ದರೂ ಒಂದು ವಸ್ತು ಹೇಳಿಬಿಡುತ್ತೇನೆ, ನೀರಿನ ಪ್ಲಾಸ್ಟಿಕ್ ಬಾಟಲಿ. ದಪ್ಪ ಗೋಡೆಯ ಸಣ್ಣ ಕೊಳವೆಯನ್ನು ಬಿಸಿ ಮಾಡಿ, ಎಳೆದು, ಒಳಗೆ ಗಾಳಿ ಊದಿ ಅದನ್ನು ಬಾಟಲಿ ಮಾಡಿರುತ್ತಾರೆ. ಹಾಗಾಗಿ ಮತ್ತೆ ಬಿಸಿ ತಾಗಿದರೆ ಅದು ಮುದುಡಿ ದಪ್ಪವಾಗುತ್ತದೆ. ಹಾಟ್ ಏರ್ ಗನ್ ಸಣ್ಣಗೆ ಇಟ್ಟು, ಕತ್ತರಿಸಿದ ಪಟ್ಟಿಯನ್ನು ದೂರದಿಂದ ತೋರಿಸಿ. ಅಂಚು ತಾನೇ ಸುರುಳಿ ಸುತ್ತಿ ಮೊಂಡಾಗುತ್ತದೆ, ಪಟ್ಟಿ ದಳದ ಹಾಗೆ ಬಾಗುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಇದು ಶುರುವಾಗುತ್ತದೆ, ಸುಡುವ ಅಗತ್ಯವೇ ಇಲ್ಲ. ಹೊಗೆ ಕಂಡರೆ ಬಿಸಿ ಜಾಸ್ತಿ ಆಯಿತು ಅಂತ ಅರ್ಥ. ಕಿಟಕಿ ತೆರೆದೇ ಮಾಡಿ. ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 1 ಅಂತ ಇದ್ದರೆ ಮಾತ್ರ ಈ ಆಟ. 3 ಅಂತ ಇದ್ದರೆ ಅದು ಪಿವಿಸಿ, ಅದಕ್ಕೆ ಬಿಸಿ ತೋರಿಸಲೇಬೇಡಿ. ಅದರಿಂದ ಬರುವ ಹೊಗೆಯಲ್ಲಿ ಆಮ್ಲ ಇರುತ್ತದೆ. ಸತು ಲೇಪಿಸಿದ ತಗಡು, ತಂತಿಗಳೂ ಬೆಂಕಿಯಿಂದ ದೂರ ಇರಲಿ, ಆ ಹೊಗೆಗೆ ಜ್ವರವೇ ಬರುತ್ತದೆ. ಒಡೆದ ಗಾಜು ಉಜ್ಜುವುದಾದರೆ ನೀರಿನಲ್ಲಿ ನೆನೆಸಿಕೊಂಡೇ ಉಜ್ಜಿ. ಬರ್ನ್‌ಹಾರ್ಡ್ ಶೋಬಿಂಗರ್ ಎಂಬ ಒಡವೆ ಕಲಾವಿದರು 1988ರಲ್ಲಿ ಒಡೆದ ಬಾಟಲಿಗಳ ಕೊರಳುಗಳನ್ನೇ ಪೋಣಿಸಿ ಸರ ಮಾಡಿದ್ದರು ನಿಜ. ಅಲ್ಲಿ ಅಪಾಯವೇ ಕೃತಿಯ ವಿಷಯ. ನಿಮ್ಮ ಗೆಳತಿಗೆ ಕೊಡುವ ಸರಕ್ಕೆ ಅದು ಬೇಡ.

ಅಂಟಿನ ವಿಷಯದಲ್ಲೂ ಇಂಥದ್ದೇ ಒಂದು ಅಪವಾದ ಇದೆ. ನ್ಯೂಜಿಲ್ಯಾಂಡಿನ ಲೀಸಾ ವಾಕರ್ ಅಂಟು ಎದ್ದು ಕಾಣುವ ಹಾಗೆಯೇ ಬಳಸುತ್ತಾರೆ, ಲ್ಯಾಪ್‌ಟಾಪನ್ನೇ ಕೊರಳಿಗೆ ತೂಗುಹಾಕಿದವರು ಅವರು. ಆದರೆ ಅವರು ಮ್ಯೂನಿಕ್ ಅಕಾಡೆಮಿಯಲ್ಲಿ ಕ್ಯೂನ್ಸ್ಲಿಯವರ ಬಳಿ ಕಲಿತವರು. ಬೆಸುಗೆ ಬಂದೂ ಅಂಟು ಹಿಡಿದರು. ಬೆಸುಗೆ ಬಾರದೆ ಅಂಟು ಹಿಡಿದರೆ ಅದು ನೋಡುವವರಿಗೆ ಗೊತ್ತಾಗಿಬಿಡುತ್ತದೆ.

ಕೊಂಡಿ, ಕಿವಿಯ ತಂತಿ, ಪಿನ್‌ಗಳಿಗೆ ಕಂಜೂಸುತನ ಮಾಡಬೇಡಿ. ಮೈಗೆ ತಾಗುವ ಭಾಗ ಹೊಸದು, ಒಳ್ಳೆಯದು ಇರಲಿ. ಅಗ್ಗದ ಲೋಹದಲ್ಲಿ ನಿಕಲ್ ಇರುತ್ತದೆ, ಬಹಳ ಜನರಿಗೆ ಅದರಿಂದ ತುರಿಕೆ, ಗಾಯ ಆಗುತ್ತದೆ. ಯುರೋಪಿನಲ್ಲಿ ಇದಕ್ಕೆ ಕಾನೂನೇ ಇದೆ: ಚುಚ್ಚಿದ ತೂತಿನೊಳಗೆ ಹೋಗುವ ಭಾಗದಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಜಾಸ್ತಿ ನಿಕಲ್ ಹೊರಬರಬಾರದು. ಪರೀಕ್ಷೆಗೆ ಸಣ್ಣ ಕಿಟ್ ಸಿಗುತ್ತದೆ. ಹತ್ತಿಗೆ ದ್ರಾವಣ ಹಾಕಿ ಲೋಹವನ್ನು ಉಜ್ಜಿದಾಗ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕಲ್ ಇದೆ. ಹಳೆ ಫ್ಯಾನ್ಸಿ ಒಡವೆ ಬಿಚ್ಚಿ ಬಳಸುವವರು ಇನ್ನೂ ಎಚ್ಚರ ಇರಬೇಕು, ಅದರಲ್ಲಿ ಸೀಸ, ಕ್ಯಾಡ್ಮಿಯಂ ಇರುವುದುಂಟು. ಮಕ್ಕಳ ಕೈಗೆ ಹೋಗುವ ಒಡವೆಗೆ ಅದನ್ನು ಸೇರಿಸಲೇಬೇಡಿ. ಬ್ರೋಚ್ ಮಾಡಿದರೆ ಪಿನ್ನನ್ನು ನಡುಗೆರೆಗಿಂತ ಮೇಲೆ ಕೂರಿಸಿ. ನಡುವಿಗೋ ಕೆಳಗೋ ಹಾಕಿದರೆ ಬ್ರೋಚ್ ತಲೆ ಬಾಗಿಸಿ ಮುಂದಕ್ಕೆ ಜೋತುಬೀಳುತ್ತದೆ.

ನೋಡಿ ಕಲಿಯಲು ಇಷ್ಟವಿದ್ದರೆ ಮೇಲೆ ಹೇಳಿದ ಹೆಸರುಗಳನ್ನೇ ಹುಡುಕಿ. ಜೊತೆಗೆ ಅಮೆರಿಕದ ರಮೋನಾ ಸೋಲ್ಬರ್ಗ್ ಅವರನ್ನೂ ನೋಡಿ. ಡಾಮಿನೊ ಆಟದ ಬಿಲ್ಲೆ, ಹಳೆ ಗುಂಡಿಗಳನ್ನು ಬೆಳ್ಳಿಯ ಚೌಕಟ್ಟಿನಲ್ಲಿ ಎಷ್ಟು ಗೌರವದಿಂದ ಕೂರಿಸಿದ್ದಾರೆ ಅಂತ ಗಮನಿಸಿ. ಬ್ರಿಟನ್ನಿನ ಪೀಟರ್ ಚಾಂಗ್ ಎಸೆದ ಪ್ಲಾಸ್ಟಿಕ್ಕನ್ನು ಕೊಯ್ದು, ಪದರ ಪದರ ಕೂಡಿಸಿ, ಹೊಳಪು ಕೊಟ್ಟ ಬಳೆಗಳಲ್ಲಿ ಮೂಲ ವಸ್ತು ಏನಿತ್ತು ಅಂತ ಗುರುತೇ ಸಿಗುವುದಿಲ್ಲ. ಮ್ಯೂನಿಕ್‌ನಲ್ಲಿ 1959ರಿಂದ ನಡೆಯುತ್ತಿರುವ ‘ಶ್ಮುಕ್’ ಎಂಬ ಆಭರಣ ಪ್ರದರ್ಶನದ ಚಿತ್ರಗಳೂ ಸಿಗುತ್ತವೆ. ಎಲ್ಲ ಇಷ್ಟ ಆಗಬೇಕಾಗಿಲ್ಲ. ನನಗೂ ಆಗುವುದಿಲ್ಲ, ಕೆಲವಂತೂ ಸುಮ್ನೆ ಹಟಕ್ಕೆ ಮಾಡಿದಂತೆ ಕಾಣುತ್ತವೆ.

ಮುಂದೆ ಮಾರುವ ಯೋಚನೆ ಇದ್ದರೆ ಇನ್ನೊಂದು ವಿಷಯ. ಈ ವಸ್ತುಗಳು ಚಿನ್ನದ ಹಾಗೆ ಬಾಳುವುದಿಲ್ಲ. ರಬ್ಬರ್ ಬಿಸಿಲಿಗೆ ಬಿರುಕು ಬಿಡುತ್ತದೆ, ಪ್ಲಾಸ್ಟಿಕ್ ಹಳದಿ ಆಗುತ್ತದೆ, ಮುದ್ರಿಸಿದ ಬಣ್ಣ ಬೆವರಿಗೆ ಸವೆಯುತ್ತದೆ. ಮ್ಯೂಸಿಯಂಗಳಿಗೇ ಇದು ದೊಡ್ಡ ತಲೆನೋವು. ಹಾಗಾಗಿ ಯಾವ ತುಂಡನ್ನೂ ಬಿಚ್ಚಿ ಬದಲಿಸುವ ಹಾಗೆ ಜೋಡಿಸಿ. ಸುಗಂಧ ದ್ರವ್ಯ ಹಾಕಿಕೊಂಡ ಮೇಲೆ ಧರಿಸಿ, ಬಿಸಿಲಲ್ಲಿ ಇಡಬೇಡಿ ಅಂತ ಒಂದು ಚೀಟಿ ಬರೆದು ಪೆಟ್ಟಿಗೆಯಲ್ಲಿ ಹಾಕಿ. ಅದೇ ಕ್ಯಾನಿನ, ಅದೇ ಟ್ಯೂಬಿನ ಒಂದೆರಡು ತುಂಡು ಜಾಸ್ತಿ ಕತ್ತರಿಸಿ ಜೊತೆಗೇ ಕೊಟ್ಟುಬಿಡಿ. ಕ್ಯಾನಿನ ಕಂಪನಿ ಹೋದ ವರ್ಷದ ಚಿತ್ರವನ್ನು ಮತ್ತೆ ಮುದ್ರಿಸುವುದಿಲ್ಲ, ಆಮೇಲೆ ಹುಡುಕಿದರೆ ಸಿಗದು.